ಹಿತ್ತಲ ಗಿಡವೂ ಹರಾಜಿನ ಮದ್ದೂ



ಅಂತೂ ಕಪ್ಪು ಬಂತು. 2008ರಿಂದ ಹದಿನೆಂಟು ಸಲ ಆಡಿ, ಮೂರು ಸಲ ಫೈನಲ್ಲಿನಲ್ಲಿ ಸೋತು, ನಾಲ್ಕನೆಯ ಫೈನಲ್ಲಿನಲ್ಲಿ, ಅಂದರೆ 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ, ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಪಂಜಾಬಿನವರನ್ನು ಆರು ರನ್ನುಗಳಿಂದ ಸೋಲಿಸಿತು. 2009ರ ಫೈನಲ್ಲಿನಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು ನಮ್ಮವರು ಸೋತದ್ದೂ ಆರೇ ರನ್ನುಗಳಿಂದ. ಹದಿನಾರು ವರ್ಷದ ಹಳೆಯ ಸಾಲ ಬಡ್ಡಿಯಿಲ್ಲದೆ ತೀರಿತೆನ್ನಿ.

“ಕಪ್ಪು ಬಂದ ಮೇಲೂ ನಿಮ್ಮದೇನು ರಗಳೆ ಮಾರಾಯರೇ?” ಎಂದು ನೀವು ಕೇಳಬಹುದು. ಮದುವೆಯ ಗಡಿಬಿಡಿಯಲ್ಲಿ ಯಾರೂ ಲೆಕ್ಕದ ಪುಸ್ತಕ ತೆರೆಯುವುದಿಲ್ಲ. ಬೀಗರೆಲ್ಲ ಊಟ ಮಾಡಿ ಹೋದ ಮೇಲೆ ತಾನೆ ಯಾವುದಕ್ಕೆ ಎಷ್ಟು ಖರ್ಚಾಯಿತು, ಯಾವುದು ದಂಡವಾಯಿತು ಎಂದು ಕೂತು ನೋಡುವುದು? ನಾನೂ ಅದನ್ನೇ ಮಾಡುತ್ತಿದ್ದೇನೆ. ತಂಡ ಯಾರನ್ನು ಹಿಡಿಯಿತು, ಯಾರನ್ನು ಬಿಟ್ಟಿತು, ಇನ್ನು ಮುಂದೆ ಏನು ಮಾಡಲಿದೆ ಎಂಬ ಬಗ್ಗೆ ನನ್ನ ಸಂಶಯಗಳು ಕಪ್ಪಿನ ಜತೆಗೆ ಮಾಯವಾಗಿಲ್ಲ.

ಕ್ರಿಕೆಟ್ ನೋಡಿದರೂ ಹರಾಜಿನ ಗೊಡವೆಗೆ ಹೋಗದ ಹಿರಿಯರಿಗಾಗಿ ಒಂದೆರಡು ಮಾತು. ಮೂರು ವರ್ಷಕ್ಕೊಮ್ಮೆ ಎನ್ನಬಹುದಾದ ದೊಡ್ಡ ಹರಾಜಿನಲ್ಲಿ ತಂಡಗಳು ಹೆಚ್ಚುಕಡಿಮೆ ಬರಿದಾಗಿ, ಮತ್ತೆ ಹೊಸದಾಗಿ ಕಟ್ಟಿಕೊಳ್ಳುತ್ತವೆ. ನಡುವಿನ ವರ್ಷಗಳಲ್ಲಿ ಸಣ್ಣ ಹರಾಜು. 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ನಡೆದ ದೊಡ್ಡ ಹರಾಜಿಗೆ ಪ್ರತಿ ತಂಡದ ಗಂಟು 120 ಕೋಟಿ ರೂಪಾಯಿ. ಹಳಬರಲ್ಲಿ ಆರು ಮಂದಿಯವರೆಗೆ ಉಳಿಸಿಕೊಳ್ಳಬಹುದಿತ್ತು. ಬೆಂಗಳೂರಿನವರು ಮೂವರನ್ನಷ್ಟೇ ಉಳಿಸಿಕೊಂಡರು: ಕೊಹ್ಲಿ 21 ಕೋಟಿ, ರಜತ್ ಪಾಟೀದಾರ್ 11 ಕೋಟಿ, ಯಶ್ ದಯಾಳ್ 5 ಕೋಟಿ. ಕೈಯಲ್ಲಿ 83 ಕೋಟಿ ಹಿಡಿದು ಸಂತೆಗೆ ಹೋದರು.

ಸಂತೆಯಲ್ಲಿ ನಮ್ಮ ತಂಡದ ಹಳೆಯ ಚರಿತ್ರೆ ಅಷ್ಟೇನೂ ಹೇಳಿಕೊಳ್ಳುವಂಥದ್ದಲ್ಲ. ಮೊದಲ ವರ್ಷವೇ ದ್ರಾವಿಡ್, ಕಾಲಿಸ್, ಕುಂಬ್ಳೆ ಎಂದು ಘನವಂತರನ್ನೆಲ್ಲ ಕೂಡಿಸಿ, “ಇದು ಟೆಸ್ಟ್ ತಂಡ” ಎಂದು ಜನರಿಂದ ಹೇಳಿಸಿಕೊಂಡು, ಎಂಟು ತಂಡಗಳಲ್ಲಿ ಏಳನೆಯದಾದರು. 2014ರಲ್ಲಿ ಯುವರಾಜ್ ಸಿಂಗ್‌ಗೆ 14 ಕೋಟಿ ಕೊಟ್ಟು ಒಂದೇ ವರ್ಷಕ್ಕೆ ಬಿಟ್ಟರು. 2021ರಲ್ಲಿ ನ್ಯೂಜಿಲೆಂಡಿನ ಜೇಮಿಸನ್‌ಗೆ 15 ಕೋಟಿ, ಅವರು ಆಡಿದ್ದು ಅದೊಂದೇ ಋತು. 2024ರ ಋತುವಿಗೆ ವೆಸ್ಟ್ ಇಂಡೀಸಿನ ಅಲ್ಝಾರಿ ಜೋಸೆಫ್‌ಗೆ ಹನ್ನೊಂದೂವರೆ ಕೋಟಿ, ಆಡಿದ್ದು ಮೂರೇ ಪಂದ್ಯ. ಅಕ್ಕಿ ಕೊಳ್ಳುವಾಗ ಕೈಯಲ್ಲಿ ಉಜ್ಜಿ ನೋಡುವ ನಮ್ಮ ಅಜ್ಜಿಯಂದಿರು ಈ ಹರಾಜಿನ ಮೇಜಿನಲ್ಲಿ ಕೂತಿದ್ದರೆ ಎಷ್ಟೋ ದುಡ್ಡು ಉಳಿಯುತ್ತಿತ್ತು.

ಕೊಂಡದ್ದಕ್ಕಿಂತ ನೋವಾದದ್ದು ಬಿಟ್ಟದ್ದು. ಶೇನ್ ವಾಟ್ಸನ್‌ರನ್ನು ಬಿಟ್ಟರು. ಅವರು 2018ರ ಫೈನಲ್ಲಿನಲ್ಲಿ ಚೆನ್ನೈ ಪರ ಔಟಾಗದೆ 117 ಹೊಡೆದು ಕಪ್ಪು ಕೊಡಿಸಿದರು. ಎಂಟು ಋತು ನಮಗಾಗಿ ಬೌಲ್ ಮಾಡಿದ ಚಹಲ್‌ರನ್ನು ಬಿಟ್ಟರು. ಅವರು 2022ರಲ್ಲಿ ರಾಜಸ್ಥಾನಕ್ಕೆ ಹೋಗಿ 27 ವಿಕೆಟ್ ಕಿತ್ತು ನೇರಳೆ ಟೋಪಿ ಹಾಕಿಕೊಂಡರು.

ಇನ್ನು ಕನ್ನಡನಾಡಿನ ಹುಡುಗರ ಮಾತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಐಪಿಎಲ್ಲಿನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಮನೀಶ್ ಪಾಂಡೆ, 2009ರಲ್ಲಿ ಅದನ್ನು ಹೊಡೆದದ್ದು ಬೆಂಗಳೂರು ತಂಡಕ್ಕೆ. 2014ರ ಫೈನಲ್ ನಡೆದದ್ದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಅಲ್ಲಿ ಅದೇ ಪಾಂಡೆ 94 ರನ್ ಬಾರಿಸಿ ಕಪ್ಪು ಕೊಡಿಸಿದರು. ಯಾರಿಗೆ? ಕೋಲ್ಕತ್ತಾಕ್ಕೆ! ಆ ವರ್ಷ ಅತಿ ಹೆಚ್ಚು ರನ್ ಹೊಡೆದವರು ರಾಬಿನ್ ಉತ್ತಪ್ಪ. ಅವರೂ ಕೋಲ್ಕತ್ತಾದಲ್ಲೇ. ನಮ್ಮ ರಣಜಿ ತಂಡ 2013-14 ಮತ್ತು 2014-15ರಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಎರಡೆರಡು ವರ್ಷ ಗೆದ್ದು ಮೆರೆಯುತ್ತಿದ್ದಾಗ ನಡೆದ ಸಂಗತಿ ಇದು.

ಕೆ.ಎಲ್. ರಾಹುಲ್ ಕಥೆಯೂ ಹಾಗೆಯೇ. 2018ರ ಹರಾಜಿಗೆ ಮುನ್ನ ಬೆಂಗಳೂರಿನವರು ಕೊಹ್ಲಿ, ಡಿವಿಲಿಯರ್ಸ್ ಜತೆಗೆ ನಮ್ಮ ಮುಂಬಯಿಯ ಸರ್ಫರಾಜ್ ಖಾನ್‌ರನ್ನು ಉಳಿಸಿಕೊಂಡರು. ರಾಹುಲ್‌ರನ್ನು ಬಿಟ್ಟರು. ಪಂಜಾಬಿನವರು 11 ಕೋಟಿ ಕೊಟ್ಟು ಒಯ್ದರು, ಆ ವರ್ಷವೇ ಅವರು 659 ರನ್ ಹೊಡೆದರು. ಜೆಡ್ಡಾದಲ್ಲಿ ಅವರು ಮತ್ತೆ ಸಂತೆಗೆ ಬಂದಾಗ ಈ ಸಲವಾದರೂ ಮನೆಗೆ ಬರುತ್ತಾರೆ ಎಂದು ಎಷ್ಟು ಕನ್ನಡಿಗರು ಆಸೆಪಟ್ಟಿದ್ದರೋ! 14 ಕೋಟಿಗೆ ದೆಹಲಿಗೆ ಹೋದರು. 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲೇ ನಮ್ಮ ವಿರುದ್ಧ ಔಟಾಗದೆ 93 ಹೊಡೆದು, ಪಂದ್ಯ ಗೆದ್ದ ಕೂಡಲೆ ಬ್ಯಾಟಿನಿಂದ ನೆಲದ ಮೇಲೆ ಒಂದು ವೃತ್ತ ಎಳೆದು, ಅದರ ನಡುವೆ ಬ್ಯಾಟನ್ನು ಊರಿದರು. ‘ಕಾಂತಾರ’ ಚಿತ್ರದಿಂದ ಬಂದ ಸ್ಫೂರ್ತಿ ಎಂದು ಆಮೇಲೆ ಹೇಳಿದರು. ಇದು ನನ್ನ ನೆಲ ಎಂಬುದು ಅದರ ಅರ್ಥ.

ಮಿತ್ರರೇ, ಆ ವೃತ್ತವನ್ನು ನೋಡಿದಾಗ ಸೋಲಿನ ಸಿಟ್ಟಿಗಿಂತ ಬೇರೇನೋ ಒಂದು ಮನಸ್ಸಿಗೆ ತಟ್ಟಿತು. ಹೊಟ್ಟೆಪಾಡಿಗೆ ಬೇರೆ ಊರಿನ ಅಂಗಿ ತೊಟ್ಟವನು ತನ್ನೂರಿಗೆ ಹೋಗಿ “ಇದು ನನ್ನದೂ ಹೌದು” ಎಂದು ಗೆರೆ ಎಳೆಯುವುದು ಹೊರನಾಡಿನಲ್ಲಿರುವ ನಮಗೆ ತಿಳಿಯದ ಸಂಗತಿಯೇ? ವರ್ಷಕ್ಕೊಮ್ಮೆ ಊರಿಗೆ ಹೋದಾಗ ನಾವು ಮಾಡುವುದೂ ಅದನ್ನೇ, ಬ್ಯಾಟಿಲ್ಲದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಕ್ಕಳು ಅಮೆರಿಕದಲ್ಲಿರುವ ಓದುಗರು ಅಲ್ಲಿಯ ಬೇಸ್‌ಬಾಲ್ ಆಟದ ಗಲಾಟೆ ಕೇಳಿರಬಹುದು. ಅಲ್ಲಿ ಕರಾರು ಮುಗಿದ ಹಿರಿಯ ಆಟಗಾರ ಸ್ವತಂತ್ರ. ತಂಡಗಳು ಅವನ ಬಾಗಿಲಿಗೆ ಹೋಗುತ್ತವೆ, ಆಯ್ಕೆ ಅವನದು. 2022ರಲ್ಲಿ ಆರನ್ ಜಡ್ಜ್ ಎಂಬ ದೊಡ್ಡ ಹೊಡೆತಗಾರ ಹಾಗೆ ಸ್ವತಂತ್ರನಾದಾಗ, ಅವನು ಕ್ಯಾಲಿಫೋರ್ನಿಯಾದವನಾದ್ದರಿಂದ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡ ಬಹಳ ಪ್ರಯತ್ನಿಸಿತು. ಊರ ಹುಡುಗ ಬರುತ್ತಾನೆಂದು ಅಲ್ಲಿಯ ಅಭಿಮಾನಿಗಳು ಕಾದರು. ಅವನು 36 ಕೋಟಿ ಡಾಲರಿಗೆ ಒಂಬತ್ತು ವರ್ಷದ ಕರಾರು ಮಾಡಿಕೊಂಡು ನ್ಯೂಯಾರ್ಕ್ ಯಾಂಕೀಸ್‌ನಲ್ಲೇ ಉಳಿದ. ಜೈಂಟ್ಸ್ ಅಭಿಮಾನಿಗೆ ದುಃಖವಾಯಿತು ನಿಜ, ಆದರೆ ಆಟಗಾರ ತಾನೇ ಬೇಡವೆಂದ ಎಂಬ ಸಮಾಧಾನವಾದರೂ ಉಳಿಯಿತು. ನಮ್ಮ ಹರಾಜಿನಲ್ಲಿ ಆ ಸಮಾಧಾನಕ್ಕೂ ಜಾಗವಿಲ್ಲ. ಹುಡುಗನಿಗೆ ಬೆಂಗಳೂರಿಗೆ ಬರುವ ಮನಸ್ಸಿದ್ದರೂ ಸುತ್ತಿಗೆ ಬಿದ್ದ ಕಡೆಗೇ ಹೋಗಬೇಕು. ಆದ್ದರಿಂದ ಹೊಣೆ ಪೂರ್ತಿ ತಂಡದ್ದೇ.

ಹಾಗೆಂದು ಏಕಪಕ್ಷೀಯವಾಗಿ ಬರೆದರೆ ನ್ಯಾಯವಾಗದು. ಜೆಡ್ಡಾದಲ್ಲಿ ಈ ತಂಡ ಹಳೆಯ ಚಾಳಿ ಬಿಟ್ಟದ್ದನ್ನು ಒಪ್ಪಲೇಬೇಕು. ಒಬ್ಬಿಬ್ಬರಿಗೆ ಗಂಟು ಸುರಿಯದೆ ಹಂಚಿ ಖರ್ಚು ಮಾಡಿದರು. ಹೇಜಲ್‌ವುಡ್ ಹನ್ನೆರಡೂವರೆ ಕೋಟಿ, ಸಾಲ್ಟ್ ಹನ್ನೊಂದೂವರೆ, ಜಿತೇಶ್ ಶರ್ಮಾ 11, ಭುವನೇಶ್ವರ್ ಹತ್ತೂಮುಕ್ಕಾಲು, ಕೃಣಾಲ್ ಪಾಂಡ್ಯ ಐದೂಮುಕ್ಕಾಲು, ಟಿಮ್ ಡೇವಿಡ್ ಬರೇ 3 ಕೋಟಿ. ಬ್ಯಾಟಿನ ಹುಚ್ಚು ಬಿಟ್ಟು ಬೌಲಿಂಗಿಗೆ ದುಡ್ಡು ಹಾಕಿದರು. ಹೇಜಲ್‌ವುಡ್ 22 ವಿಕೆಟ್ ತೆಗೆದರು. ಫೈನಲ್ಲಿನಲ್ಲಿ ಪಂದ್ಯ ತಿರುಗಿಸಿದ್ದು ಕೃಣಾಲ್: ನಾಲ್ಕು ಓವರ್, 17 ರನ್, 2 ವಿಕೆಟ್. ನಮ್ಮ ವಾಂಖೆಡೆಯಲ್ಲಿ ಹತ್ತು ವರ್ಷದ ನಂತರ ಮುಂಬಯಿಯನ್ನು ಸೋಲಿಸಿದ ಏಪ್ರಿಲ್ 7ರ ರಾತ್ರಿಯೂ, ಒಂದು ಕಾಲದಲ್ಲಿ ಮುಂಬಯಿಗೇ ಆಡಿದ್ದ ಕೃಣಾಲ್ ನಾಲ್ಕು ವಿಕೆಟ್ ಕಿತ್ತಿದ್ದರು. ಮರುದಿನ ಲೋಕಲ್ ಗಾಡಿಯಲ್ಲಿ ನಮ್ಮಲ್ಲಿ ಅನೇಕರು ಸ್ವಲ್ಪ ಎದೆ ಉಬ್ಬಿಸಿ ನಿಂತಿರಬೇಕು, ಜಾಗವಿದ್ದರೆ!

ಆ ಋತುವಿನ ಇನ್ನೊಂದು ವಿಶೇಷ ನಮಗೆ ಹೇಳಿ ಮಾಡಿಸಿದಂತಿದೆ. ಲೀಗ್ ಹಂತದಲ್ಲಿ ಹೊರಊರುಗಳಲ್ಲಿ ಆಡಿದ ಏಳಕ್ಕೆ ಏಳೂ ಪಂದ್ಯ ಗೆದ್ದ ಮೊದಲ ತಂಡ ಬೆಂಗಳೂರಿನದು. ಮನೆಯಂಗಳದ ಮೊದಲ ಮೂರು ಪಂದ್ಯಗಳನ್ನು ಸೋತದ್ದೂ ಅದೇ ತಂಡ. ಹೊರನಾಡಿನಲ್ಲೇ ಹೆಚ್ಚು ಬೆಳಗುವ ಕನ್ನಡಿಗರು ನಾವು ಮಾತ್ರವಲ್ಲ ನೋಡಿ. ಆದರೆ ನನ್ನ ಮೊದಲ ಸಂಶಯ ಹುಟ್ಟುವುದೂ ಇಲ್ಲೇ. ಚಿನ್ನಸ್ವಾಮಿ ಅಂಗಳದ ಬೌಂಡರಿ ಹತ್ತಿರ, ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಚೆಂಡು ಹಾರುತ್ತದೆ. ಅಲ್ಲಿ ಬೌಲ್ ಮಾಡುವುದು ಕಲಿತವನಿಗಷ್ಟೇ ಗೊತ್ತು. ಅಲ್ಲೇ ಬೆಳೆದ ಪ್ರಸಿದ್ಧ ಕೃಷ್ಣ 2025ರಲ್ಲಿ 25 ವಿಕೆಟ್ ತೆಗೆದು ನೇರಳೆ ಟೋಪಿ ಗೆದ್ದರು, ಗುಜರಾತಿಗೆ ಆಡಿ.

ಎರಡನೆಯ ಸಂಶಯ ವಯಸ್ಸಿನದು. ಕೊಹ್ಲಿ ಹುಟ್ಟಿದ್ದು 1988ರಲ್ಲಿ, ಭುವನೇಶ್ವರ್ 1990ರಲ್ಲಿ, ಹೇಜಲ್‌ವುಡ್ ಮತ್ತು ಕೃಣಾಲ್ 1991ರಲ್ಲಿ. ಜೆಡ್ಡಾದ ಹರಾಜು 2025ರಿಂದ 2027ರವರೆಗಿನ ಮೂರು ಋತುಗಳಿಗೆ. ಕಪ್ಪು ತಂದ ಹೆಗಲುಗಳು ಆ ಹೊತ್ತಿಗೆ ದಣಿದಿರುತ್ತವೆ. ಮುಂದಿನ ಸಾಲನ್ನು ಯಾರು ಬೆಳೆಸುತ್ತಿದ್ದಾರೆ? 2025ರ ಡಿಸೆಂಬರ್ 16ರಂದು ಅಬುಧಾಬಿಯ ಸಣ್ಣ ಹರಾಜಿನಲ್ಲಿ ವೆಂಕಟೇಶ್ ಅಯ್ಯರ್‌ಗೆ 7 ಕೋಟಿ ಕೊಟ್ಟರು. ಹಿಂದಿನ ವರ್ಷ ಕೋಲ್ಕತ್ತಾ ಅವರಿಗೇ 23.75 ಕೋಟಿ ಕೊಟ್ಟಿತ್ತಾದ್ದರಿಂದ ಇದು ಅಗ್ಗವೇ. ಮಧ್ಯಪ್ರದೇಶದ ಹೊಸ ಹುಡುಗ, ಎಡಗೈ ವೇಗಿ ಮಂಗೇಶ್ ಯಾದವ್‌ಗೆ 5.2 ಕೋಟಿ ಕೊಟ್ಟರು. ಹುಡುಕುವ ಕಣ್ಣು ಇದೆ ಎಂದಾಯಿತು. ಆ ಕಣ್ಣು ಹುಬ್ಬಳ್ಳಿ, ಮೈಸೂರು, ಶಿವಮೊಗ್ಗದ ಕಡೆಗೂ ತಿರುಗಬಾರದೇ ಎಂಬುದೇ ನನ್ನ ಮೂರನೆಯ ಸಂಶಯ. ಅದೇ ಹರಾಜಿಗೆ ಮುನ್ನ ಮಯಾಂಕ್ ಅಗರವಾಲ್ ಮತ್ತು ಮನೋಜ್ ಬಾಂಡಗೆ ಇಬ್ಬರನ್ನೂ ಬಿಟ್ಟರು. ಉಳಿದವರು ದೇವದತ್ತ ಪಡಿಕ್ಕಲ್. ಅವರನ್ನೂ ಜೆಡ್ಡಾದಲ್ಲಿ ಮೊದಲ ಸುತ್ತಿನಲ್ಲಿ ಯಾರೂ ಕೊಳ್ಳದೆ, ಆಮೇಲೆ ಮೂಲಬೆಲೆ 2 ಕೋಟಿಗೆ ತಂದದ್ದು. 2024ರ ಮಾರ್ಚಿನಲ್ಲಿ ತಂಡದ ಹೆಸರನ್ನು ಬ್ಯಾಂಗಲೋರ್‌ನಿಂದ ಬೆಂಗಳೂರು ಎಂದು ತಿದ್ದಿದರು, ಸಂತೋಷ. ಹೆಸರಿನಲ್ಲಿ ಬಂದ ಕನ್ನಡ ಹನ್ನೊಂದರ ಪಟ್ಟಿಗೂ ಸ್ವಲ್ಪ ಇಳಿಯಲಿ.

“ಕನ್ನಡಿಗರೇ ಬೇಕೆಂದರೆ ರಣಜಿ ನೋಡಿ” ಎನ್ನುವವರಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ಮುಂಬಯಿ ತಂಡದ ಬುಮ್ರಾ ಗುಜರಾತಿನವರು, ಚೆನ್ನೈಯವರು ತಲೆಯ ಮೇಲೆ ಹೊತ್ತ ಧೋನಿ ರಾಂಚಿಯವರು. ದೆಹಲಿಯ ಕೊಹ್ಲಿ 2008ರಿಂದ 2025ರ ಕಪ್ಪು ಎತ್ತುವವರೆಗೂ ಬೇರೆ ತಂಡದ ಅಂಗಿ ತೊಡಲಿಲ್ಲ. ಅವರನ್ನು ಪರಊರಿನವರು ಎನ್ನಲು ಯಾರಿಗಾದರೂ ಬಾಯಿ ಬರುತ್ತದೆಯೇ? ಊರಿನವನಾಗುವುದು ಹುಟ್ಟಿನಿಂದ ಮಾತ್ರವಲ್ಲ, ಉಳಿಯುವುದರಿಂದಲೂ. ನಲವತ್ತು ವರ್ಷ ಇಲ್ಲೇ ಬೆವರು ಸುರಿಸಿ, “ನೀವೆಲ್ಲಿಯವರು?” ಎಂದು ಇನ್ನೂ ಕೇಳಿಸಿಕೊಳ್ಳುವ ನಾವು ಇದನ್ನು ಒಪ್ಪದಿದ್ದರೆ ಇನ್ಯಾರು ಒಪ್ಪಬೇಕು? ನಾನು ಕೇಳುವುದು ಮೀಸಲಾತಿಯಲ್ಲ. ಊರ ಹುಡುಗನಿಗೂ ಉಳಿಯಲು ಅಷ್ಟೇ ಅವಕಾಶ ಕೊಡಿ ಎಂದಷ್ಟೇ.

ಅದಾಗದ ಮಾತೇನಲ್ಲ. ಇದೇ ತಂಡದ ಹೆಣ್ಣುಮಕ್ಕಳು ಗಂಡಸರಿಗಿಂತ ಮೊದಲೇ, 2024ರ ಮಾರ್ಚಿನಲ್ಲಿ ಕಪ್ಪು ಗೆದ್ದರು. ಆ ಫೈನಲ್ಲಿನಲ್ಲಿ 12 ರನ್ನಿಗೆ 4 ವಿಕೆಟ್ ಕಿತ್ತವರು, ಆ ವರ್ಷದ ನೇರಳೆ ಟೋಪಿ ಗೆದ್ದವರು ಕರ್ನಾಟಕದ ಶ್ರೇಯಾಂಕಾ ಪಾಟೀಲ್. ಹರಾಜಿನಲ್ಲಿ ಅವರಿಗೆ ಕೊಟ್ಟದ್ದು 10 ಲಕ್ಷ! ಹಿತ್ತಲ ಗಿಡ ಮದ್ದಾಗುವುದಿಲ್ಲ ಎಂದವರು ಯಾರು?

ಕೊನೆಗೊಂದು ಭಾರದ ಮಾತು. ಕಪ್ಪು ಗೆದ್ದ ಮರುದಿನ, ಜೂನ್ 4ರಂದು, ಚಿನ್ನಸ್ವಾಮಿಯ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜೀವಗಳು ಹೋದವು. ತಮ್ಮ ತಂಡವನ್ನು ಒಮ್ಮೆ ಕಣ್ತುಂಬ ನೋಡಲು ಬಂದವರು ಅವರು. ಹರಾಜಿನಲ್ಲಿ ಆಟಗಾರನಿಗೆ ಬೆಲೆಯಿದೆ, ಅಭಿಮಾನಿಗೆ ಬೆಲೆ ಕಟ್ಟುವ ಸುತ್ತಿಗೆ ಇಲ್ಲ. ಅಷ್ಟು ಪ್ರೀತಿಯಿಟ್ಟ ಜನರ ಸಂಶಯವನ್ನು ತಂಡ ಕಟ್ಟುವವರು ಬರೀ ಗೊಣಗಾಟ ಎಂದು ತಳ್ಳಿಹಾಕಬಾರದು.

ಮುಂದಿನ ದೊಡ್ಡ ಹರಾಜು ಬಂದಾಗ ನೀವು ಯಾರನ್ನು ಉಳಿಸಿಕೊಳ್ಳುತ್ತೀರಿ, ಯಾರನ್ನು ಬಿಡುತ್ತೀರಿ? ಮನೆಮಂದಿಯೆಲ್ಲ ಕೂತು ಒಂದು ಪಟ್ಟಿ ಮಾಡಿ, ಸಂಘದ ಕಚೇರಿಗೆ ಒಂದು ಕಾಗದ ಹಾಕಿ. ನೆನಪಿರಲಿ, ಗಂಟು ಒಂದೇ, ಆಸೆ ನೂರು. ನನ್ನ ಪಟ್ಟಿಯ ಮೊದಲ ಸಾಲಿನಲ್ಲಿ ಯಾರಿದ್ದಾರೆಂದು ಇಷ್ಟು ಓದಿದ ನಿಮಗೆ ಬೇರೆ ಹೇಳಬೇಕಾಗಿಲ್ಲ.