ಪಂಚ್ ಪಾತ್ರೆಯೂ ಅಳತೆಯ ಲೋಟವೂ

ರೊಬಸ್ಟಾ ಕೊಯ್ಲು ಮುಗಿದು, ಹೂಮಳೆ ಬಿದ್ದು, ಅಡಿಕೆ ಸುಲಿತದ ಗಡಿಬಿಡಿಯೂ ಇಳಿಯಿತೆಂದರೆ ನಮ್ಮ ಕಡೆ ಕೂಟಗಳ ಕಾಲ. ಪೇಟೆಯಲ್ಲಿರುವ ಮಕ್ಕಳು ರಜೆಗೆ ಬರುತ್ತಾರೆ. ಮದುವೆ, ಗೃಹಪ್ರವೇಶ, ಷಷ್ಟ್ಯಬ್ದಿ ಎಲ್ಲವೂ ಮುಂಗಾರಿಗೆ ಮೊದಲೇ ಮುಗಿಯಬೇಕು. ಇಂಥ ಕೂಟಗಳಲ್ಲಿ ಈಚೆಗೆ ‘ಫ್ರೂಟ್ ಪಂಚ್’ ಎಂಬ ಪಾನೀಯ ಹೆಚ್ಚಾಗಿ ಕಾಣುತ್ತಿದೆ. ಹಿಂದೆ ಇದು ದೊಡ್ಡ ಎಸ್ಟೇಟುಗಳ ಬಂಗಲೆಯಲ್ಲಿ, ಪ್ಲಾಂಟರುಗಳ ಕ್ಲಬ್ಬಿನಲ್ಲಿ ಮಾತ್ರ ಇದ್ದದ್ದು. ಈಗ ಎರಡು ಎಕರೆ ಅಡಿಕೆ, ಮೂರು ಎಕರೆ ಕಾಫಿ ಇರುವವರ ಅಂಗಳಕ್ಕೂ ಬಂದಿದೆ. ಬರಲಿ. ನಾವೇನೂ ಪಾನನಿರೋಧದ ಪ್ರಚಾರಕ್ಕೆ ಹೊರಟವರಲ್ಲ. ಆದರೆ ಇದನ್ನು ಮಾಡುವ ಕ್ರಮ ಹೇಗೆಂದು ಸದಸ್ಯರಲ್ಲಿ ಹಲವರು ಕಚೇರಿಯಲ್ಲಿ ಕೇಳುತ್ತಿರುವುದರಿಂದ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹಣ್ಣಿನ ರಸವಿರುವ ದೊಡ್ಡ ಪಾತ್ರೆಗೆ ಮದ್ಯ ಬೀಳಕೂಡದು. ಬೇಕಾದವರ ಲೋಟಕ್ಕೆ, ಅವರ ಕಣ್ಣೆದುರಿಗೇ, ಅಳೆದು ಹಾಕಬೇಕು.

ಹಾಗೆ ಮಾಡಿದರೆ ಅದು ಪಂಚ್ ಹೇಗಾದೀತು, ಪಾತ್ರೆಯಲ್ಲಿ ಬೆರೆತರೇ ಪಂಚ್ ಅಲ್ಲವೇ ಎಂದು ಬಲ್ಲವರು ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ. ಈ ಹೆಸರು ನಮ್ಮ ‘ಪಂಚ’ದಿಂದಲೇ ಹೋದದ್ದು, ಸಾರಾಯಿ, ಸಕ್ಕರೆ, ನಿಂಬೆ, ನೀರು, ಮಸಾಲೆ ಈ ಐದೂ ಸೇರಿದ್ದರಿಂದ ಆ ಹೆಸರು ಎಂದು ಹೇಳುವುದುಂಟು. ಎಲ್ಲ ನಿಘಂಟುಕಾರರೂ ಇದನ್ನು ಒಪ್ಪುವುದಿಲ್ಲ. ಆದರೆ ಈ ಮಾತು ಇಂಗ್ಲಿಷ್ ಬರವಣಿಗೆಯಲ್ಲಿ ಮೊದಲು ಕಾಣಿಸುವುದು 1632ರಲ್ಲಿ, ತೆಲುಗು ಕರಾವಳಿಯ ಪೆಟ್ಟಪೋಲಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ವರ್ತಕನೊಬ್ಬನಿಗೆ ಬಂದ ಪತ್ರದಲ್ಲಿ ಎಂಬುದು ನಿಜ. ನಮ್ಮ ಪಂಚಾಮೃತ, ಪಂಚಕಜ್ಜಾಯಗಳ ಹಾಗೆ ಇದೂ ಐದರ ಲೆಕ್ಕವೆಂದೇ ಇಟ್ಟುಕೊಳ್ಳೋಣ. ನಮ್ಮ ತಕರಾರು ಐದರಲ್ಲಿ ಒಂದರ ಮೇಲೆ ಮಾತ್ರ.

ಲೆಕ್ಕ ನೋಡಿ. 750 ಮಿಲಿಲೀಟರಿನ ಒಂದು ಬಾಟಲಿ ರಮ್ಮಿನಲ್ಲಿ ಶೇಕಡಾ 42.8 ಮದ್ಯಸಾರ ಎಂದು ಲೇಬಲ್ಲಿನ ಮೇಲೆಯೇ ಅಚ್ಚಾಗಿರುತ್ತದೆ. ಇದರಲ್ಲಿ 30 ಮಿಲಿಯ ಸಣ್ಣ ಪೆಗ್ಗುಗಳು 25 ಆಗುತ್ತವೆ. ಈ ಬಾಟಲಿಯನ್ನು ಸುರಿದು ಒಟ್ಟು ಐದು ಲೀಟರ್ ಪಾನಕ ಮಾಡಿದರೆ, 200 ಮಿಲಿಯ ಲೋಟಗಳೂ 25 ಆಗುತ್ತವೆ. ಅಂದರೆ ಲೋಟಕ್ಕೆ ಒಂದು ಸಣ್ಣ ಪೆಗ್ಗು. ಇಷ್ಟಾದರೆ ದೊಡ್ಡ ಅನಾಹುತವೇನಿಲ್ಲ. ಆದರೆ ಕೂಟದಲ್ಲಿ ಆಗುವುದೇ ಬೇರೆ. ಮನೆಯ ಯಜಮಾನರು ಒಂದು ಬಾಟಲಿ ಸುರಿದು ಅತ್ತ ಹೋಗುತ್ತಾರೆ. ಭಾವಮೈದುನನೊಬ್ಬ ಬಂದು ರುಚಿ ನೋಡಿ, ‘ಬರೀ ಶರಬತ್ತಾಯ್ತಲ್ಲ’ ಎಂದು ಇನ್ನೊಂದು ಬಾಟಲಿ ಸುರಿಯುತ್ತಾನೆ. ಮತ್ತೊಬ್ಬ ಅರ್ಧ ಬಾಟಲಿ ಜಿನ್ ಇತ್ತೆಂದು ಅದನ್ನೂ ಸೇರಿಸುತ್ತಾನೆ. ಈಗ ಲೋಟಕ್ಕೆ ಎರಡು ಪೆಗ್ಗಿನಷ್ಟು ಬಂತು. ಯಾರಿಗೂ ಗೊತ್ತಿಲ್ಲ. ತಂಪು, ಸಿಹಿ, ಹುಳಿ ಮೂರೂ ಸೇರಿ ಮದ್ಯದ ಉರಿಯನ್ನು ಮುಚ್ಚುತ್ತವೆ. ತಳದ ಹಣ್ಣಿನ ಹೋಳುಗಳು ರಮ್ಮನ್ನು ಹೀರಿಕೊಂಡಿರುತ್ತವೆ; ಪಾತ್ರೆ ಖಾಲಿಯಾದ ಮೇಲೆ ಅವನ್ನು ಹೆಕ್ಕಿ ತಿನ್ನುವವರು ಯಾರು? ಮಕ್ಕಳು.

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ತೂಗಿ ಅಳೆದು ಬೆರೆಸುವ ನಾವು, ನೆಂಟರ ಹೊಟ್ಟೆಗೆ ಹೋಗುವುದನ್ನು ಮಾತ್ರ ಕಣ್ಣಳತೆಯಲ್ಲಿ ಸುರಿಯುತ್ತೇವೆ.

ಕಳೆದ ಬೇಸಿಗೆಯಲ್ಲಿ ನಮ್ಮ ನೆರೆಯ ಊರಿನ ಒಂದು ಕೂಟದಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಪುನರ್ಪುಳಿ ಶರಬತ್ತೆಂದು ಮೂರು ಲೋಟ ಕುಡಿದರು. ಮೊದಮೊದಲು ಎಲ್ಲರಿಗೂ ತಮಾಷೆ. ಅಜ್ಜಿ ಐವತ್ತು ವರ್ಷದ ಹಿಂದಿನ ಗದ್ದೆ ವ್ಯಾಜ್ಯವನ್ನು ಎತ್ತಿ ಬೀಗರಿಗೆ ಬಯ್ಯತೊಡಗಿದಾಗ ನಕ್ಕವರೇ ಹೆಚ್ಚು. ಆಮೇಲೆ ಅವರು ಬೆವತು, ಮಾತು ತೊದಲಿ, ಕುರ್ಚಿಯಿಂದ ಜಾರಿದರು. ಅವರು ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು. ಕೆಲವು ಮಾತ್ರೆಗಳ ಜೊತೆ ಮದ್ಯ ಸೇರಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ನೋಡುವವರು ಅಮಲೆಂದು ತಿಳಿದು ಮಲಗಿಸಿಬಿಡುತ್ತಾರೆ. ಪುಣ್ಯಕ್ಕೆ ಅಲ್ಲಿ ಒಬ್ಬರು ದಾದಿ ಇದ್ದರು, ಅಜ್ಜಿ ಉಳಿದರು. ತಮಗೆ ಕುಡಿಸಿದ್ದು ಏನೆಂದು ಆ ಅಜ್ಜಿಗೆ ಯಾರೂ ಹೇಳಿರಲಿಲ್ಲ. ನಿದ್ರೆ ಮಾತ್ರೆ ನುಂಗುವವರು, ಬಸುರಿಯರು, ವ್ರತ ಹಿಡಿದವರು, ಬಿಟ್ಟ ಚಟಕ್ಕೆ ಮತ್ತೆ ಬೀಳಬಾರದೆಂದು ಹಲ್ಲುಕಚ್ಚಿ ಕುಳಿತವರು, ಇಂಥವರೆಲ್ಲ ಇರುವ ಅಂಗಳದಲ್ಲಿ ಒಂದೇ ಪಾತ್ರೆ ಇಡುವುದು ಅತಿಥಿ ಸತ್ಕಾರವಲ್ಲ.

ಕೂಟ ಮುಗಿದ ಮೇಲೆ ಜೀಪು, ಬೈಕು ಹತ್ತುವವರ ವಿಚಾರ. ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನಂತೆ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರ ಇರಕೂಡದು. ಸಾಧಾರಣ ಮೈಕಟ್ಟಿನ ಗಂಡಸಿಗೆ ಎರಡು ಸಣ್ಣ ಪೆಗ್ಗು ಬೇಗಬೇಗ ಹೋದರೆ ಈ ಗೆರೆ ದಾಟುವ ಸಂಭವವೇ ಹೆಚ್ಚು. ಮೊದಲ ತಪ್ಪಿಗೇ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಸಜೆ, ಇಲ್ಲವೇ ಎರಡೂ. ನಮ್ಮ ಘಟ್ಟದ ತಿರುವುಗಳು ಅಷ್ಟಕ್ಕೇ ಬಿಡುವುದಿಲ್ಲ. ಕುಡಿಯುವವನಿಗೆ ಎಷ್ಟು ಕುಡಿದೆನೆಂಬ ಲೆಕ್ಕವಾದರೂ ಸಿಗಬೇಕಲ್ಲವೇ? ಬೆರೆತ ಪಾತ್ರೆ ಆ ಲೆಕ್ಕವನ್ನೇ ಕಸಿದುಕೊಳ್ಳುತ್ತದೆ.

ಯಾವ ಮದ್ಯ ಎಂಬ ಪ್ರಶ್ನೆಗೆ ಹೆಚ್ಚು ಮಾತು ಬೇಕಿಲ್ಲ. ಮೊಹರಾದ, ಸನ್ನದುಳ್ಳ ಅಂಗಡಿಯ ಬಾಟಲಿ ಮಾತ್ರ. ‘ನಮ್ಮ ತೋಟದ್ದೇ, ಶುದ್ಧ’ ಎಂದು ಕಳ್ಳಭಟ್ಟಿ ತಂದುಕೊಡುವ ಹಿತೈಷಿಗಳನ್ನು ದೂರವಿಡಿ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತ ಮೇಲೂ, 2008ರ ಮೇ ತಿಂಗಳಲ್ಲಿ ಕರ್ನಾಟಕ, ತಮಿಳುನಾಡುಗಳಲ್ಲಿ ಸೇರಿ 100ಕ್ಕೂ ಹೆಚ್ಚು ಜೀವ ಹೋಯಿತು. ಮೆಥನಾಲಿಗೆ ಬೇರೆ ರುಚಿಯೆಂಬುದಿಲ್ಲ. ಹಣ್ಣಿನ ರಸದಲ್ಲಂತೂ ತಿಳಿಯುವುದೇ ಇಲ್ಲ. ಸನ್ನದಿಲ್ಲದೆ ಭಟ್ಟಿ ಇಳಿಸುವುದು 1965ರ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧವೆಂಬುದು ಸದಸ್ಯರಿಗೆ ತಿಳಿದದ್ದೇ. ನಮ್ಮನ್ನು ಕೇಳಿದರೆ ರಮ್ಮಿಗಿಂತ ದ್ರಾಕ್ಷಿ ವೈನು ಮೇಲು. ಒಂದು ಬಾಟಲಿ ವೈನಿನಲ್ಲಿರುವ ಮದ್ಯಸಾರ ಒಂದು ಬಾಟಲಿ ರಮ್ಮಿನದರಲ್ಲಿ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ.

ಇನ್ನು ಹಣ್ಣು. ಇಲ್ಲಿ ನಾವು ಸದಸ್ಯರ ಗಮನವನ್ನು ಕೊಪ್ಪಳ ಜಿಲ್ಲೆಯ ಕಡೆಗೆ ಎಳೆಯಬಯಸುತ್ತೇವೆ. ಪೇಟೆಯ ಪೆಟ್ಟಿಗೆ ಜ್ಯೂಸಿನಲ್ಲಿ ಹಣ್ಣಿಗಿಂತ ಸಕ್ಕರೆ ನೀರೇ ಹೆಚ್ಚು. ಅದಕ್ಕೆ ಕೊಡುವ ದುಡ್ಡು ಯಾವ ಬೆಳೆಗಾರನ ಕೈಗೂ ಸರಿಯಾಗಿ ಸೇರುವುದಿಲ್ಲ. ಗಂಗಾವತಿ ನಮಗೆ ಗೊತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಅದರ ಸೋನಾಮಸೂರಿ ಅಕ್ಕಿ ನಮ್ಮ ಅನೇಕರ ಮನೆಯ ಅನ್ನ. ಆದರೆ ಅದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾಗಳಿಗೆ ಕಾಲುವೆಯ ಆ ಭಾಗ್ಯ ದಕ್ಕಲಿಲ್ಲ. ಅಲ್ಲಿನ ರೈತರು ಕೊಳವೆಬಾವಿಯ ನೀರನ್ನು ಹನಿಹನಿಯಾಗಿ ಬಿಟ್ಟು ದಾಳಿಂಬೆ ಬೆಳೆದರು. ಕೊಪ್ಪಳದ ಕೇಸರ್ ಮಾವಿಗೂ ಈಚಿನ ವರ್ಷಗಳಲ್ಲಿ ಒಳ್ಳೆಯ ಹೆಸರು. ತೋಟಗಾರಿಕೆ ಇಲಾಖೆ ಅಲ್ಲಿ ಬೇಸಿಗೆಯಲ್ಲಿ ಮಾವು ಮೇಳ ನಡೆಸುತ್ತದೆ.

ಆ ದಾಳಿಂಬೆಯ ಕಥೆ ನಮಗೆ ಅಪರಿಚಿತವೇನಲ್ಲ. ಅಡಿಕೆಗೆ ಕೊಳೆ ಬಂದಂತೆ ಅವರ ತೋಟಗಳಿಗೆ ದುಂಡಾಣು ಅಂಗಮಾರಿ ಬಂತು. ಕಾಯಿಯ ಮೇಲೆ ಎಣ್ಣೆಯಂಥ ಕಪ್ಪು ಚುಕ್ಕೆ, ಆಮೇಲೆ ಬಿರುಕು. ಈ ಶತಮಾನದ ಮೊದಲ ದಶಕದಲ್ಲಿ ಎಷ್ಟೋ ಜನ ಸಾಲದ ಹೊರೆಯೊಂದಿಗೆ ಗಿಡಗಳನ್ನೇ ಕಿತ್ತುಹಾಕಿದರು. ಉಳಿಸಿಕೊಂಡವರಿಗೂ, ಹೊಸದಾಗಿ ಹಾಕಿದವರಿಗೂ ಇಂದಿಗೂ ಅದೇ ಚಿಂತೆ. ಸಿಪ್ಪೆಯ ಮೇಲೆ ನಾಲ್ಕು ಚುಕ್ಕೆ ಕಂಡರೆ ಸಾಕು, ವ್ಯಾಪಾರಿ ದರ ಇಳಿಸುತ್ತಾನೆ. ಒಳಗಿನ ಕಾಳು ಕೊಳೆಯದೆ ಗಟ್ಟಿಯಾಗಿದ್ದರೆ ರಸಕ್ಕೆ ಏನೂ ಕೊರತೆಯಿಲ್ಲ. ಇಂಥ ಎರಡನೆಯ ದರ್ಜೆಯ ಹಣ್ಣನ್ನು ಬೆಳೆಗಾರರಿಂದಲೇ ನೇರವಾಗಿ, ನ್ಯಾಯದ ಬೆಲೆಗೆ ಕೊಂಡರೆ ಅವರಿಗೂ ಅನುಕೂಲ, ನಮಗೂ ಅಗ್ಗ. ಚುಕ್ಕೆ ಬಿದ್ದ ಅಡಿಕೆಗೆ ಮಂಡಿಯಲ್ಲಿ ಏನು ಮರ್ಯಾದೆ ಸಿಗುತ್ತದೆಂದು ಕಂಡ ನಾವು ಇಷ್ಟು ಮಾಡಬಹುದು.

ಮಾಡುವ ಕ್ರಮ ಹೀಗೆ. 25 ಜನಕ್ಕೆ ಸುಮಾರು ಮೂರು ಕಿಲೋ ದಾಳಿಂಬೆ, ಎರಡು ಕಿಲೋ ಕೇಸರ್ ಮಾವು, ಹತ್ತು ನಿಂಬೆಹಣ್ಣು. ದಾಳಿಂಬೆಯ ಕಾಳನ್ನು ಮಿಕ್ಸಿಗೆ ಹಾಕಬೇಡಿ. ಬೀಜ ಒಡೆದು ಒಗರು ಬರುತ್ತದೆ. ಒಳಗಿನ ಬಿಳಿ ಪೊರೆ ತೆಗೆದು, ತೆಳು ಬಟ್ಟೆಯಲ್ಲಿ ಕಟ್ಟಿ ಹಿಂಡಬೇಕು. ಮುನ್ನೂರು ಗ್ರಾಂ ಸಕ್ಕರೆಯನ್ನು ಅರ್ಧ ಲೀಟರ್ ನೀರಿನಲ್ಲಿ ಜಜ್ಜಿದ ಶುಂಠಿ, ನಾಲ್ಕು ಏಲಕ್ಕಿ, ಹತ್ತು ಕಾಳುಮೆಣಸು ಹಾಕಿ ಕುದಿಸಿ, ಆರಿಸಿ, ಸೋಸಿ. ಮಾವಿನ ತಿರುಳು, ದಾಳಿಂಬೆ ರಸ, ನಿಂಬೆರಸ, ಈ ಪಾಕ ಎಲ್ಲ ಸೇರಿಸಿ, ಕುದಿಸಿ ಆರಿಸಿದ ನೀರು ಬೆರೆಸಿದರೆ ನಾಲ್ಕು ಲೀಟರಿಗೆ ಮೇಲಾಗುತ್ತದೆ. ಮಾವು ಮುಗಿದಿದ್ದರೆ ನಮ್ಮದೇ ಪುನರ್ಪುಳಿ ಇದೆ. ಹಳೆಯ ಕಾಲದ ಪಂಚ್‌ಗೆ ಚಹಾ ಹಾಕುವುದೂ ಇತ್ತಂತೆ; ಕಾಫಿ ಬೆಳೆಗಾರರ ಮನೆಯಲ್ಲಿ ಅದರ ಬದಲು ತಿಳಿಯಾದ ಅರೇಬಿಕಾ ಡಿಕಾಕ್ಷನ್ ಒಂದು ಲೋಟ ಹಾಕಿ ನೋಡಬಹುದು. ದಾಳಿಂಬೆಗೆ ಹೊಂದುತ್ತದೆ. ಮಾವಿಗೆ ಹೊಂದುವುದಿಲ್ಲ.

ಪಾತ್ರೆ ಸ್ಟೀಲಿನದಿರಲಿ. ಅಟ್ಟದ ಹಿತ್ತಾಳೆ ಹಂಡೆ ನೋಡಲು ಚೆಂದ, ಆದರೆ ಕಲಾಯಿ ಹೋದ ಹಂಡೆಯಲ್ಲಿ ಹುಳಿ ರಸ ನಿಂತರೆ ಕಿಲುಬು ಬಿಡುತ್ತದೆ. ಬೋರ್ಡೋ ಕಲಸಿದ ಪ್ಲಾಸ್ಟಿಕ್ ಪೀಪಾಯಿ, ತೋಟದ ಔಷಧಿ ಅಳೆಯುವ ಮುಚ್ಚಳ ಎಷ್ಟು ತೊಳೆದಿದ್ದರೂ ಅಂಗಳಕ್ಕೆ ಬರಕೂಡದು. ಮೀನಿನ ಲಾರಿಗೆ ಹಾಕುವ ಐಸನ್ನು ಪಾನಕಕ್ಕೆ ಹಾಕಬೇಡಿ. ಹಿಂದಿನ ರಾತ್ರಿಯೇ ಸ್ಟೀಲ್ ಡಬ್ಬಿಯಲ್ಲಿ ಕುಡಿಯುವ ನೀರಿಟ್ಟು ದೊಡ್ಡ ಗಡ್ಡೆ ಮಾಡಿಕೊಂಡರೆ ನಿಧಾನವಾಗಿ ಕರಗುತ್ತದೆ, ರುಚಿಯೂ ನೀರಾಗುವುದಿಲ್ಲ. ಬಾಟಲಿ ಬೇರೆ ಮೇಜಿನ ಮೇಲಿರಲಿ, ಪಕ್ಕದಲ್ಲಿ 30 ಮಿಲಿಯ ಅಳತೆ ಲೋಟ, ಜವಾಬ್ದಾರಿಯುಳ್ಳ ಒಬ್ಬ ಹಿರಿಯ. ಇಪ್ಪತ್ತೊಂದು ತುಂಬದ ಹುಡುಗರು ಆ ಮೇಜಿಗೆ ಬರುವುದು ಬೇಡ.

ಮತ್ತೊಂದು ಮಾತು ಹೇಳದೆ ಈ ಬರಹ ಮುಗಿಸುವಂತಿಲ್ಲ. ಹಣ್ಣು ಕೊಡುವ ಅದೇ ಬಯಲುಸೀಮೆಯ ತಾಲ್ಲೂಕುಗಳಿಂದ ನಮ್ಮ ಕಾಫಿ ಕೊಯ್ಲಿಗೆ ಆಳುಗಳೂ ಬರುತ್ತಾರೆ. 2019ರ ಜನವರಿ 19ರಂದು ರಾಯಚೂರು, ಕೊಪ್ಪಳ ಮೊದಲಾದ ಜಿಲ್ಲೆಗಳ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಹೊರಟು, ಸುಮಾರು ಇನ್ನೂರು ಕಿಲೋಮೀಟರ್ ನಡೆದು, 30ರಂದು ಬೆಂಗಳೂರು ತಲುಪಿದರು. ಅವರು ಕೇಳಿದ್ದು ಮದ್ಯ ನಿಷೇಧ. ಗಂಡನ ಕೂಲಿ ಮನೆಗೆ ಬರುವ ಮೊದಲೇ ಅಂಗಡಿಗೆ ಹೋಗುತ್ತದೆಂಬ ಸಂಕಟ ಅವರದು. ನಿಷೇಧ ಬಂದರೆ ಕಳ್ಳಭಟ್ಟಿ ಹೆಚ್ಚೀತೆಂದು ನಾವು ಹೆದರುವವರೇ. ಆ ಬೇಡಿಕೆಯನ್ನು ಪೂರ್ತಿ ಒಪ್ಪಲಾರೆವು. ಆದರೆ ಬಟವಾಡೆಯ ಸಂಜೆ ಲೈನ್ ಮನೆಯವರು ಕುಡಿದರೆಂದು ಸೋಮವಾರ ಬೈಯುವ ನಾವು, ಭಾನುವಾರ ಅದೇ ಆಳುಗಳ ಕೈಯಲ್ಲಿ ಪಂಚ್ ಲೋಟಗಳನ್ನು ಹಂಚಿಸುವುದು ಸರಿಯೇ? ಹೆಂಗಸರಿಂದಂತೂ ಆ ಕೆಲಸ ಮಾಡಿಸಕೂಡದು. ಬಾಟಲಿ ಬೇಕೆಂದವರು ತಾವೇ ಎದ್ದು ಹೋಗಿ ಹಾಕಿಕೊಳ್ಳಲಿ. ಉಳಿದ ಮದ್ಯವನ್ನು ಬಕ್ಷೀಸೆಂದು ಆಳುಗಳಿಗೆ ಕೊಡುವ ಹಳೆಯ ರೂಢಿಯನ್ನೂ ಬಿಡಬೇಕು. ಕೊಡುವುದಾದರೆ ಹಣ್ಣು ಕೊಡಿ, ಇಲ್ಲವೇ ದುಡ್ಡು ಕೊಡಿ. ದುಡ್ಡನ್ನು ಹೆಂಡತಿಯ ಕೈಗೆ ಕೊಡಿ.

ಸಂಘದ ಬೇಸಿಗೆ ಕೂಟದಲ್ಲಿ ಬಾಟಲಿಯ ಮೇಜು ಇರುವುದಿಲ್ಲ. ಅದಕ್ಕೆ ಅಬಕಾರಿ ಇಲಾಖೆಯ ಸಾಂದರ್ಭಿಕ ಸನ್ನದು ಬೇಕಾಗುತ್ತದೆ. ಸಂಘದ ಹೆಸರಿನಲ್ಲಿ ಆ ಅರ್ಜಿಗೆ ರುಜು ಹಾಕಲು ನಮಗೆ ಮನಸ್ಸಿಲ್ಲ. ಪಾನಕ ಮಾತ್ರ ಬೇಕಾದಷ್ಟು ಇರುತ್ತದೆ. ಗಂಗಾವತಿಯಿಂದ ಅಕ್ಕಿ ತರುವ ಲಾರಿಯಲ್ಲಿಯೇ ದಾಳಿಂಬೆ, ಮಾವು ತರಿಸಬಹುದೇ ಎಂದು ವಿಚಾರಿಸುತ್ತಿದ್ದೇವೆ. ಬೇಕಾದ ಸದಸ್ಯರು ಎಷ್ಟು ಕಿಲೋ ಎಂದು ಕಚೇರಿಯ ಪುಸ್ತಕದಲ್ಲಿ ಬರೆಸಿದರೆ ಲಾರಿಯವರೊಡನೆ ಬಾಡಿಗೆ ಮಾತಾಡಲು ಅನುಕೂಲ. ಅಳತೆಯ ಲೋಟಗಳು ಒಂದು ಡಜನ್ ಕಚೇರಿಯಲ್ಲಿವೆ. ಕೂಟದ ಹಿಂದಿನ ದಿನ ಒಯ್ದು, ತೊಳೆದು ಹಿಂದಿರುಗಿಸಬೇಕು.