ಸೊನ್ನೆ ಬಿಲ್ಲು, ಗೀಸರು, ನೀರೊಲೆ

ಇವತ್ತು ಬೆಳೆ ವಿಚಾರ ಅಲ್ಲ, ಬಚ್ಚಲು ಮನೆ ವಿಚಾರ. ಸ್ವಲ್ಪ ಉದ್ದ ಆಗುತ್ತೆ, ಲೆಕ್ಕಾನೂ ಇದೆ. ಪುರುಸೊತ್ತಲ್ಲಿ ಓದಿ.

ಗೃಹಜ್ಯೋತಿ ಬಂದ ಮೇಲೆ ನಮ್ಮ ಸಿಂಧಘಟ್ಟದ ಕಡೆ ಕರೆಂಟ್ ಬಿಲ್ ಓದೋ ಅಭ್ಯಾಸಾನೇ ಹೋಯ್ತು. 2023ರ ಆಗಸ್ಟ್‌ನಿಂದ ಸೊನ್ನೆ ಬಿಲ್. ಮೀಟರ್ ನೋಡೋ ಹುಡುಗ ಚೀಟಿ ಕೊಡ್ತಾನೆ, ಕೊನೇಲಿ ಸೊನ್ನೆ ಇದೆಯಾ ಅಂತ ನೋಡಿ ಕಿಟಕಿ ಸರಳಿಗೆ ಸಿಕ್ಕಿಸ್ತೀವಿ, ಮುಗೀತು. ನಾನು ಆ ಯೋಜನೆ ವಿರೋಧಿ ಅಲ್ಲ. ಬಡವರ ಮನೇಲಿ ಬಿಲ್ ಕಟ್ಟಿಲ್ಲ ಅಂತ ಫ್ಯೂಸ್ ಕಿತ್ತುಕೊಂಡು ಹೋಗ್ತಿದ್ದ ಕಾಲ ನೋಡಿದ್ದೀನಿ. ಆದರೆ 200 ಯೂನಿಟ್ ಎಲ್ಲರಿಗೂ ಉಚಿತ ಅನ್ನೋದು ಮಾತ್ರ ತಪ್ಪು ತಿಳುವಳಿಕೆ.

ನಿಮಗೆ ಎಷ್ಟು ಉಚಿತ ಅನ್ನೋದು 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ರಿ ಅನ್ನೋದರ ಮೇಲೆ ನಿಂತಿದೆ. ಆ ಸರಾಸರಿ ಮೇಲೆ ಇನ್ನು ನೂರಕ್ಕೆ ಹತ್ತು ಸೇರಿಸಿ ಕೊಡ್ತಾರೆ. ತೀರಾ ಕಮ್ಮಿ, ಅಂದರೆ 48 ಯೂನಿಟ್‌ಗಿಂತ ಕೆಳಗಿರೋರಿಗೆ 2024ರ ಜನವರಿಯಲ್ಲಿ ತಿದ್ದುಪಡಿ ಮಾಡಿ ಹತ್ತು ಪರ್ಸೆಂಟ್ ಬದಲು ಹತ್ತು ಯೂನಿಟ್ ಅಂತ ಮಾಡಿದ್ರು. 200 ಅನ್ನೋದು ಮೇಲಿನ ಗೆರೆ ಅಷ್ಟೇ. ನಿಮ್ಮ ಪಾಲು ದಾಟಿದ್ರೆ ದಾಟಿದ್ದಕ್ಕೆ ದುಡ್ಡು ಕಟ್ಟಬೇಕು. 200 ದಾಟಿದ್ರೆ ಆ ತಿಂಗಳು ಪೂರ್ತಿ ಬಿಲ್ಲೇ ನಿಮ್ಮದು. ನಮ್ಮ ಬೀದೀಲೇ ಒಂದು ಮನೆಯವರು ಮಗಳ ಬಾಣಂತನದ ತಿಂಗಳು ದಾಟಿಸಿಕೊಂಡು, ಒಂದೂವರೆ ಸಾವಿರದ ಮೇಲಿನ ಚೀಟಿ ಹಿಡ್ಕೊಂಡು ಮೀಟರ್ ಕೆಟ್ಟಿದೆ ಅಂತ ಓಡಾಡಿದ್ರು. ಮೀಟರ್ ಕೆಟ್ಟಿರಲಿಲ್ಲ. ಬಾಣಂತಿಗೆ, ಮಗೂಗೆ, ಬಂದೋರಿಗೆ ಹೋದೋರಿಗೆ ಅಂತ ಗೀಸರ್ ಮೂರು ಹೊತ್ತೂ ಉರೀತಿತ್ತು.

ಈಗ ಲೆಕ್ಕಕ್ಕೆ ಬನ್ನಿ. ನಾನು ಎಸ್‌ಎಸ್‌ಎಲ್‌ಸಿ ಅಷ್ಟೇ, ಆದರೂ ಇದು ಬರುತ್ತೆ. ಒಂದು ಯೂನಿಟ್ ಕರೆಂಟು ಸುಮಾರು 860 ಲೀಟರ್ ನೀರನ್ನ ಒಂದು ಡಿಗ್ರಿ ಬಿಸಿ ಮಾಡುತ್ತೆ. ಚಳಿಗಾಲದಲ್ಲಿ ತೊಟ್ಟಿ ನೀರು 22 ಡಿಗ್ರಿ ಇದೆ, ಸ್ನಾನಕ್ಕೆ 40 ಬೇಕು ಅಂತ ಇಟ್ಟುಕೊಳ್ಳಿ. ಹದಿನೆಂಟು ಡಿಗ್ರಿ ಏರಿಸಬೇಕು. ಒಬ್ಬರಿಗೆ 20 ಲೀಟರ್ ಅಂದರೆ 0.42 ಯೂನಿಟ್. ಐದು ಜನರ ಮನೆಗೆ ದಿನಕ್ಕೆ ಎರಡು ಯೂನಿಟ್ ಚಿಲ್ಲರೆ, ತಿಂಗಳಿಗೆ 63. ಇದು ಒಂದು ತೊಟ್ಟೂ ಬಿಸಿ ಪೋಲಾಗದ ಲೆಕ್ಕ. ಗೀಸರ್ ಸ್ವಿಚ್ ಮರೆತು ಹೊಲಕ್ಕೆ ಹೋದ್ರೆ ಬೇರೆ ಲೆಕ್ಕ. ಅದೇ ಒಂದು ಒಂಬತ್ತು ವ್ಯಾಟ್ ಬಲ್ಬು, ದಿನಕ್ಕೆ ಆರು ಗಂಟೆ ಉರಿದ್ರೂ ತಿಂಗಳಿಗೆ ಎರಡು ಯೂನಿಟ್ ಮುಟ್ಟಲ್ಲ. ನಾವು ಮಕ್ಕಳಿಗೆ ಲೈಟ್ ಆರಿಸು ಲೈಟ್ ಆರಿಸು ಅಂತ ಬೈತೀವಿ!

ಹಳೆ ಸರಾಸರಿ 52 ಇದ್ದ ಮನೆಗೆ ಉಚಿತ 57. ಆ ಮನೆಗೆ ಈಗ ಗೀಸರ್ ಬಂತು ಅಂದರೆ 115 ಆಗುತ್ತೆ. 58 ಯೂನಿಟ್‌ಗೆ ಕೈಯಿಂದ ಕಟ್ಟಬೇಕು. ತೆರಿಗೆ ಅದೂ ಇದೂ ಸೇರಿ ಯೂನಿಟ್‌ಗೆ ಆರೂವರೆ ಅಂತ ಹಿಡಿದ್ರೂ 375 ರೂಪಾಯಿ ಮೇಲೆ.

ನನಗೆ ಚುಚ್ಚೋದು ಇಲ್ಲೇ. 2022-23ರಲ್ಲೇ ಗೀಸರ್ ಇಟ್ಟುಕೊಂಡು ತಿಂಗಳಿಗೆ 150 ಉರಿಸ್ತಿದ್ದ ಮನೆಗೆ 165 ಯೂನಿಟ್ ಉಚಿತ. ಅವರ ಬಿಸಿನೀರಿಗೆ ಸರ್ಕಾರ ದುಡ್ಡು ಕೊಡ್ತಿದೆ. ಅವತ್ತು ಮಟ್ಟೆ ಗರಿ ಹಾಕಿ ಹಂಡೆ ಕಾಯಿಸ್ತಿದ್ದ ಮನೆಗೆ ಐವತ್ತು ಚಿಲ್ಲರೆ. ಅವಳು ಇವತ್ತು ಹೊಗೆ ಸಾಕು ಅಂದ್ರೆ ಕೈಯಿಂದ ಕಟ್ಟಬೇಕು. ಹೆಚ್ಚು ಉರಿಸಿದೋರಿಗೆ ಹೆಚ್ಚು, ಹಿಡಿತದಲ್ಲಿ ಇದ್ದೋರಿಗೆ ಕಮ್ಮಿ. ಇದು ಯಾವ ಸೀಮೆ ನ್ಯಾಯ?

ಹಂಗಂತ ನೀರೊಲೆಯೇ ಸ್ವರ್ಗ ಅಂತ ನಾನು ಹೇಳಲ್ಲ. ನಾನು ಒಂದ್ಸಲ ಹಂಗೆ ಹೇಳೋಕೆ ಹೋದಾಗ ನಮ್ಮ ಸೊಸೆ, "ಮಾವ, ಬೆಳಗಿನ ಜಾವ ಎದ್ದು ಒಲೆ ಊದೋರು ನಾವು, ಲೆಕ್ಕ ಹಾಕೋರು ನೀವು" ಅಂದಳು. ಮಾತು ಸರಿಯಾಗೇ ಇದೆ. ಮಳೆಗಾಲದಲ್ಲಿ ಹಸಿ ಮಟ್ಟೆ ಹೊಗೆ ಕುಡಿಯೋದು ಹೆಂಗಸರೇ. ಸೌದೆ ಪುಕ್ಕಟೆ ಅನ್ನೋದೂ ಈಗ ಹಳೇ ಮಾತು. ಮಟ್ಟೆ ನಾರಿನ ಫ್ಯಾಕ್ಟರಿಗೆ ಹೋಗುತ್ತೆ, ಕರಟ ಇದ್ದಿಲಿನೋರು ಕೇಳ್ಕೊಂಡು ಬರ್ತಾರೆ. ಉಳಿಯೋದು ಗರಿ, ಹೊಂಬಾಳೆ, ರೇಷ್ಮೆ ಇದ್ದೋರ ಮನೇಲಿ ಹಿಪ್ಪುನೇರಳೆ ಕಡ್ಡಿ. ಅಷ್ಟು ಸಾಕು, ಒಲೆ ಸರಿ ಇದ್ರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರದೋರು ಕಮ್ಮಿ ಸೌದೆ ತಿನ್ನೋ, ಹೊಗೆಕೊಳವೆ ಇರೋ ಅಸ್ತ್ರ ಒಲೆ ಮಾಡಿ ಹಳ್ಳಿ ಹಳ್ಳಿಗೆ ಕಟ್ಟಿಸಿದ್ರು, ವಯಸ್ಸಾದೋರಿಗೆ ನೆನಪಿರುತ್ತೆ. ನೀರೊಲೆಗೂ ಅದೇ ಬುದ್ಧಿ. ಹಂಡೆ ಸುತ್ತ ಮಣ್ಣು ಮೆತ್ತಿ, ಬಾಯಿಗೆ ಮುಚ್ಚಳ ಹಾಕಿ, ಹೊಗೆ ಮೇಲೆ ಹೋಗೋಕೆ ದಾರಿ ಬಿಟ್ರೆ ಅರ್ಧ ಕಷ್ಟ ಕಳೀತು.

ಗ್ಯಾಸಲ್ಲಿ ಕಾಯಿಸ್ತೀವಿ ಅನ್ನೋರಿಗೆ ಒಂದು ಮಾತು. 14.2 ಕೆಜಿ ಸಿಲಿಂಡರಲ್ಲಿ ಇರೋ ಶಾಖ ಸುಮಾರು 180 ಯೂನಿಟ್‌ಗೆ ಸಮ. ಒಲೆ ಮೇಲೆ ಪಾತ್ರೆ ಇಟ್ಟರೆ ನೀರಿಗೆ ಮುಟ್ಟೋದು ಅದರಲ್ಲಿ ನೂರಕ್ಕೆ ಅರವತ್ತು ಅಂತ ಹಿಡಿಯಿರಿ. 850 ರೂಪಾಯಿ ಸಿಲಿಂಡರ್ ಅಂದ್ರೂ ಯೂನಿಟ್‌ಗೆ ಎಂಟು ರೂಪಾಯಿ ಹತ್ತಿರ ಬೀಳುತ್ತೆ. ಕರೆಂಟಿಗಿಂತ ದುಬಾರಿ.

ಈ ಲೆಕ್ಕ ನನ್ನ ತಲೆಗೆ ಹತ್ತಿದ್ದು ಇಂಗ್ಲೆಂಡಲ್ಲಿರೋ ನಮ್ಮ ಸಂಬಂಧಿಕರ ಹುಡುಗನಿಂದ. ಅಲ್ಲಿ ನೆಲದ ಅಡೀಲೇ ಬಿಸಿ ಮಾಡ್ತಾರಂತೆ, ಟೈಲ್ಸ್ ಕೆಳಗೆ ವೈರ್ ಹಾಸೋದು. ಒಂದು ಚದರ ಮೀಟರ್‌ಗೆ 150 ವ್ಯಾಟ್ ಸಾಮಾನ್ಯ. ಹತ್ತಡಿ ಹತ್ತಡಿ ಕೋಣೆ ಅಂದರೆ 1.4 ಕಿಲೋವ್ಯಾಟ್, ಆರು ಗಂಟೆ ಬಿಡದೆ ಉರಿದ್ರೆ ಎಂಟು ಯೂನಿಟ್ ಮೇಲೆ. ಯೂನಿಟ್‌ಗೆ 25 ಪೆನ್ಸ್ ಅಂದರೂ ಎರಡು ಪೌಂಡ್, ನಮ್ಮ ದುಡ್ಡಲ್ಲಿ ಇನ್ನೂರು ರೂಪಾಯಿ ಮೇಲೆ, ಒಂದು ಕೋಣೆಗೆ, ಒಂದು ದಿನಕ್ಕೆ. 2022ರಲ್ಲಿ ರಷ್ಯಾ-ಉಕ್ರೇನ್ ಯುದ್ಧ ಶುರುವಾಗಿ ಗ್ಯಾಸ್ ದರ ಏರಿದಾಗ ಅಲ್ಲಿ ಕರೆಂಟು 34 ಪೆನ್ಸ್ ಆಗಿತ್ತು. ಕಾಲು ಬೆಚ್ಚಗಿದ್ರೂ ಎದೆ ತಣ್ಣಗಾಗುತ್ತೆ ಅಂದ ಹುಡುಗ.

ಬುದ್ಧಿವಂತರು ಅಲ್ಲಿ ಬೇರೆ ದಾರಿ ಹಿಡೀತಾರೆ. ವೈರ್ ಬದಲು ಪೈಪ್ ಹಾಸಿ ಬಿಸಿನೀರು ಓಡಿಸೋದು. ನೆಲ ಅಗಲ ಇರೋದ್ರಿಂದ ನೀರು 35-40 ಡಿಗ್ರಿ ಇದ್ರೆ ಸಾಕು. ಅಷ್ಟು ಕಮ್ಮಿ ಬಿಸಿ ಸಾಕು ಅಂದ್ರೆ ಹೀಟ್ ಪಂಪ್ ಒಂದು ಯೂನಿಟ್ ಕರೆಂಟಲ್ಲಿ ಹೊರಗಿನ ಗಾಳೀಲಿರೋ ಶಾಖ ಎಳೆದು ಮೂರು ಯೂನಿಟ್ ಶಾಖ ಕೊಡುತ್ತೆ. ನೆಲದ ಕೆಳಗೆ ಶಾಖ ಇಂಗದ ಹಾಗೆ ತಡೆ ಹಾಕದಿದ್ರೆ ಅದೂ ದಂಡ, ಭೂಮಿ ಕಾಯಿಸಿದಂಗೆ. ಕೊರಿಯಾದಲ್ಲಿ ಹಿಂದಿನೋರು ಅಡುಗೆ ಒಲೆ ಹೊಗೆಯನ್ನೇ ನೆಲದ ಕೆಳಗೆ ಹಾಯಿಸಿ ಮಲಗೋ ಜಾಗ ಬೆಚ್ಚಗೆ ಮಾಡ್ಕೊಳ್ತಿದ್ರಂತೆ, ಓಂಡಾಲ್ ಅಂತ ಅದಕ್ಕೆ. ಎಲ್ಲಾ ಕಡೆನೂ ಒಂದೇ ಸಂಗತಿ: ಕರೆಂಟನ್ನ ನೇರವಾಗಿ ಶಾಖ ಮಾಡೋದು ದುಬಾರಿ ಕೆಲಸ.

ನಮಗೆ ನೆಲ ಕಾಯಿಸೋ ದರಿದ್ರ ಇಲ್ಲ, ಬೇಸಿಗೇಲಿ ತಾನೇ ಕಾಯುತ್ತೆ. ನಮಗೆ ಬೇಕಿರೋದು ಬೆಳಿಗ್ಗೆ ನೂರು ಲೀಟರ್ ಬಿಸಿನೀರು. ಅದಕ್ಕೆ ಸೂರಪ್ಪ ತಲೆ ಮೇಲೇ ಇದ್ದಾನೆ. ನೂರು ಲೀಟರ್ ಸೋಲಾರ್ ನೀರಿನ ಹೀಟರು ನಾನು ವಿಚಾರಿಸಿದಾಗ ಇಪ್ಪತ್ತು ಸಾವಿರದ ಆಸುಪಾಸು ಹೇಳಿದ್ರು. ಬೇಸಿಗೇಲಿ ನೀರು ಕಮ್ಮಿ ಬೇಕು, ಆಷಾಢ ಶ್ರಾವಣದಲ್ಲಿ ಮೋಡ, ಅದೆಲ್ಲಾ ಕಳೆದು ವರ್ಷಕ್ಕೆ ಮೂರೂವರೆ ಸಾವಿರದ ಕರೆಂಟ್ ಉಳೀತು ಅಂತಿಟ್ಟುಕೊಂಡ್ರೆ ಆರು ವರ್ಷಕ್ಕೆ ಅಸಲು ಬಂತು. ಆದರೆ ಗೀಸರ್ ಕರೆಂಟು ಪುಕ್ಕಟೆ ಸಿಗ್ತಿರೋ ಮನೆಯೋನು ಯಾಕೆ ಹಾಕಿಸ್ತಾನೆ? ಹಂಡೆ ಮನೆಯೋಳ ಹತ್ತಿರ ಇಪ್ಪತ್ತು ಸಾವಿರ ಎಲ್ಲಿದೆ? 2024ರಲ್ಲಿ ಕೇಂದ್ರದೋರು ತಂದ ಸೂರ್ಯಘರ್ ಯೋಜನೇಲಿ 3 ಕಿಲೋವ್ಯಾಟಿಗೆ 78 ಸಾವಿರ ಸಹಾಯಧನ ಇದೆ, ಆದರೆ ಅದು ಕರೆಂಟ್ ಮಾಡೋ ಪ್ಯಾನಲ್‌ಗೆ, ನೀರು ಕಾಯಿಸೋದಕ್ಕಲ್ಲ. ಸೊನ್ನೆ ಬಿಲ್ಲಿನ ಮನೆಗೆ ಅದರ ಮೇಲೂ ಆಸೆ ಹುಟ್ಟಲ್ಲ.

ಪಂಪ್‌ಸೆಟ್ ಕಥೇನೂ ನೆನಪಿಸ್ಕೊಳ್ಳಿ. 10 ಎಚ್‌ಪಿವರೆಗೆ ಪುಕ್ಕಟೆ, ಆಟೋ ಸ್ಟಾರ್ಟರ್ ಹಾಕಿ ಮಲಗಿದ್ವಿ, ಮೋಟಾರ್ ತಾನೇ ಓಡ್ತು, ಬೋರಲ್ಲಿ ನೀರು ಕೆಳಗೆ ಹೋಯ್ತು. ಈಗ ಚಳಿಗಾಲದಲ್ಲಿ ಬೆಳಿಗ್ಗೆ ಆರಕ್ಕೆ ಊರಿನ ಗೀಸರ್ ಎಲ್ಲಾ ಒಟ್ಟಿಗೆ ಆನ್ ಆಗಿ ಬಲ್ಬು ಮಂಕಾಗೋದು ನೋಡಿ, ಟಿಸಿ ಎಷ್ಟು ಅಂತ ಹೊರುತ್ತೆ?

ನನ್ನ ಕೇಳಿದ್ರೆ, 2022-23ರಲ್ಲಿ ಅರವತ್ತು ಯೂನಿಟ್ ಒಳಗಿದ್ದ ಮನೆಗಳಿಗೆ ಸರ್ಕಾರ ಒಂದ್ಸಲ ಸೋಲಾರ್ ಹೀಟರು ಹಾಕಿಸಿಕೊಡಲಿ. ಗೀಸರ್ ಮನೆಗಳಿಗೆ ವರ್ಷಾನುವರ್ಷ ಕೊಡೋ ದುಡ್ಡಿನ ಪಕ್ಕ ಇಟ್ಟು ನೋಡಿದ್ರೆ ಇದೇನು ಜಾಸ್ತಿ ಅನ್ಸಲ್ಲ. ಬೆಳಿಗ್ಗೆ ಒಲೆ ಊದೋದೂ ತಪ್ಪುತ್ತೆ, ಟಿಸಿ ಮೇಲಿನ ಭಾರಾನೂ ಏರಲ್ಲ. ಮೋಡದ ದಿನಕ್ಕೆ ಹಂಡೆ ಇದ್ದೇ ಇದೆ, ತಾಮ್ರದ ಹಂಡೆ ಗುಜರಿಗೆ ಹಾಕಬೇಡಿ.

ಅಲ್ಲೀತನಕ ನಿಮ್ಮ ಬಿಲ್ ತೆಗೆದು ಉಚಿತ ಯೂನಿಟ್ ಎಷ್ಟು ಅಂತ ಒಂದ್ಸಲ ನೋಡಿ. ನಮ್ಮ ಮನೇಲಿ ಈ ಬೆಳೆ ದುಡ್ಡು ಬಂದ ಮೇಲೆ ಸೋಲಾರ್ ಅಂತ ಸೊಸೆಗೆ ಮಾತು ಕೊಟ್ಟಿದ್ದೀನಿ. ಒಂದೇ ಅನುಮಾನ, ನಮ್ಮ ಬೋರ್ ನೀರು ಗಡಸು, ಪಾತ್ರೆ ತಳದಲ್ಲಿ ಸುಣ್ಣ ಕಟ್ಟುತ್ತೆ. ಕೆ.ಆರ್.ಪೇಟೆ, ನಾಗಮಂಗಲ ಕಡೆ ಇಂಥ ನೀರಿಗೆ ಗಾಜಿನ ಕೊಳವೆದು ಹಾಕಿಸಿದೋರು ಇದ್ರೆ, ಎಷ್ಟು ವರ್ಷ ಬಂತು, ಒಳಗೆ ತೊಳೆಯೋದು ಹೆಂಗೆ ಅಂತ ತಿಳಿಸಿ.