ಪ್ಯಾರಿಸ್ಸಿಗೆ ರೈಲು, ಕೈರೋಗೆ ಹಾವು

‘ಚಿತ್ರವನ್ನು ಚಿತ್ರವಾಗಿ ನೋಡಿ, ಎಲ್ಲದರಲ್ಲೂ ರಾಜಕೀಯ ಹುಡುಕಬೇಡಿ’ ಎಂಬ ಉಪದೇಶ ಕೇಳಿ ಕೇಳಿ ನನಗೆ ಸಾಕಾಗಿದೆ. ಹತ್ತೊಂಬತ್ತನೇ ಶತಮಾನದ ಯುರೋಪಿನ ಪೌರ್ವಾತ್ಯವಾದಿ ಚಿತ್ರಗಳ ಮಾತೆತ್ತಿದರೆ ಸಾಕು, ಇದು ಬಂದೇ ಬರುತ್ತದೆ. ಜೊತೆಗೆ, ಎಡ್ವರ್ಡ್ ಸಯೀದ್ ಓದಿಕೊಂಡವರಿಗೆ ಸೌಂದರ್ಯ ಕಾಣುವುದಿಲ್ಲ ಎಂಬ ಕುಟುಕು. ಸರಿ, ಚಿತ್ರವನ್ನು ಚಿತ್ರವಾಗಿಯೇ ನೋಡೋಣ.

ಫ್ರಾನ್ಸಿನ ಝಾನ್ ಲಿಯೋನ್ ಜೆರೋಮ್ 1879ರ ಸುಮಾರಿಗೆ ಬರೆದ ‘ಹಾವಾಡಿಗ’. 1978ರಲ್ಲಿ ಸಯೀದರ ‘ಓರಿಯೆಂಟಲಿಸಂ’ ಹೊರಬಂದಾಗ ಮುಖಪುಟಕ್ಕೆ ಹಾಕಿದ್ದು ಇದನ್ನೇ. ಬತ್ತಲೆ ಹುಡುಗನೊಬ್ಬ ನಮಗೆ ಬೆನ್ನು ಹಾಕಿ ನಿಂತಿದ್ದಾನೆ, ಮೈಗೆ ಹೆಬ್ಬಾವು ಸುತ್ತಿಕೊಂಡಿದೆ. ಪಕ್ಕದಲ್ಲಿ ಮುದುಕನೊಬ್ಬ ಕೊಳಲೂದುತ್ತಿದ್ದಾನೆ. ಎದುರಿಗೆ ನೀಲಿ ಟೈಲ್ಸಿನ ಗೋಡೆಗೆ ಒರಗಿದ ಆಯುಧಧಾರಿಗಳ ಗುಂಪು ಕಣ್ಣರಳಿಸಿ ಕೂತಿದೆ. ಟೈಲ್ಸ್ ಎಷ್ಟು ಖಚಿತವಾಗಿದೆಯೆಂದರೆ ಅದು ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯದ್ದೆಂದು ಬೆರಳಿಟ್ಟು ತೋರಿಸಬಹುದು. ಆಟ ಮಾತ್ರ ಈಜಿಪ್ಟಿನದು. ಮೀನಾಕ್ಷಿ ಗುಡಿಯ ಕಂಬಗಳ ನಡುವೆ ಪಂಜಾಬಿನ ಭಾಂಗ್ರಾ ಕುಣಿಸಿ ‘ಇದು ಭಾರತ’ ಎಂದ ಹಾಗೆ. ಕುಸುರಿ ಅಪ್ಪಟ ನಿಜ, ದೃಶ್ಯ ಅಪ್ಪಟ ಕಟ್ಟುಕತೆ. ಆ ಕುಸುರಿಯಿಂದಾಗಿಯೇ ಕಟ್ಟುಕತೆ ವರದಿಯಂತೆ ಕಾಣುತ್ತದೆ. 1983ರಲ್ಲಿ ಕಲಾ ಇತಿಹಾಸಕಾರ್ತಿ ಲಿಂಡಾ ನಾಕ್ಲಿನ್ ಹಿಡಿದದ್ದು ಈ ಎಳೆಯನ್ನೇ. ಗೋಡೆಯಿಂದ ಉದುರಿದ ಟೈಲ್ಸನ್ನೂ ಜೆರೋಮ್ ಬಿಡದೆ ಬರೆಯುತ್ತಾನೆ: ಈ ಜನಕ್ಕೆ ತಮ್ಮ ಗೋಡೆ ರಿಪೇರಿ ಮಾಡಿಕೊಳ್ಳುವ ಯೋಗ್ಯತೆಯೂ ಇಲ್ಲ, ನೋಡಿ!

ನನ್ನನ್ನು ಇನ್ನೂ ಹೆಚ್ಚು ಕಾಡುವುದು ಅವನು ಬರೆಯದೆ ಬಿಟ್ಟದ್ದು. ಜೆರೋಮ್ ಮೊದಲ ಸಲ ಈಜಿಪ್ಟಿಗೆ ಹೋದದ್ದು 1856ರಲ್ಲಿ. ಅಲೆಗ್ಸಾಂಡ್ರಿಯಾದಿಂದ ಕೈರೋವರೆಗಿನ ರೈಲು ಹಳಿ ಪೂರ್ತಿಯಾದದ್ದೂ ಅದೇ ವರ್ಷ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಸಾಲದಲ್ಲಿ ಮುಳುಗಿದ ಈಜಿಪ್ಟಿನ ಖಜಾನೆಯ ಮೇಲೆ 1876ರ ಹೊತ್ತಿಗೆ ಯುರೋಪಿನ ಸಾಲಗಾರರು ಬಂದು ಕೂತರು, 1882ರಲ್ಲಿ ಬ್ರಿಟಿಷ್ ಸೈನ್ಯವೇ ಇಳಿಯಿತು. ಹಾವಾಡಿಗನ ಸುತ್ತ ಇದರ ಸುಳಿವೇ ಇಲ್ಲ. ಹಳಿಯಿಲ್ಲ, ಸಾಲಪತ್ರ ಹಿಡಿದ ಸಾಹೇಬನಿಲ್ಲ. ಇದಕ್ಕೆ ಎರಡೇ ವರ್ಷ ಮೊದಲು, 1877ರಲ್ಲಿ, ಮೋನೆ ಪ್ಯಾರಿಸ್ಸಿನ ಸೇಂಟ್ ಲಜಾರ್ ನಿಲ್ದಾಣದ ಹೊಗೆ ಕಾರುವ ಇಂಜಿನ್ನುಗಳನ್ನು ಬರೆದಿದ್ದ. ಪ್ಯಾರಿಸ್ಸಿಗೆ ರೈಲು, ಕೈರೋಗೆ ಹಾವು. ಹಾವಾಡಿಗರ ದೇಶದವರೆಂದು ಕರೆಸಿಕೊಂಡ ನಮಗೆ ಈ ಲೆಕ್ಕ ಬಿಡಿಸಿ ಹೇಳಬೇಕೇ?

ಕಲೆ ಕಲೆಗಾಗಿ ಎನ್ನುವವರು ಜೆರೋಮ್‌ನ ಮಾವ ಯಾರೆಂದು ನೋಡಲಿ. ಪ್ಯಾರಿಸ್ಸಿನ ದೊಡ್ಡ ಚಿತ್ರ ವ್ಯಾಪಾರಿ ಅಡಾಲ್ಫ್ ಗೂಪಿಲ್. ಅಳಿಯನ ಚಿತ್ರಗಳ ಪ್ರತಿಗಳನ್ನು ಮುದ್ರಿಸಿ ಮಾರುತ್ತಿದ್ದವನು ಅವನೇ.

ಏಂಗ್ರನದು ಇನ್ನೊಂದು ಬಗೆ. ಪೂರ್ವದತ್ತ ಒಂದು ಹೆಜ್ಜೆಯನ್ನೂ ಇಡದೆ, 1862ರಲ್ಲಿ, ತನ್ನ 82ನೇ ವಯಸ್ಸಿನಲ್ಲಿ ‘ಟರ್ಕಿಯ ಸ್ನಾನಗೃಹ’ ಮುಗಿಸಿದ. ಅವನಿಗೆ ಆಧಾರ 1717ರಲ್ಲಿ ಲೇಡಿ ಮೇರಿ ಮಾಂಟೆಗ್ಯು ಬರೆದ ಪತ್ರ. ಸೋಫಿಯಾ ನಗರದ ಸ್ನಾನಗೃಹವನ್ನು ಆಕೆ ಹೆಂಗಸರ ಕಾಫಿಹೌಸ್‌ಗೆ ಹೋಲಿಸಿದ್ದಳು, ಊರ ಸುದ್ದಿಯೆಲ್ಲ ಹರಿದಾಡುವ ಜಾಗ. ಏಂಗ್ರ ಸುದ್ದಿಯನ್ನು ಬಿಟ್ಟು ಮೈ ಉಳಿಸಿಕೊಂಡ.

ಇದೆಲ್ಲ ಹಳೆಯ ಕತೆ ಎನ್ನುವಿರಾ? ಜೆರೋಮ್‌ನದೇ ‘ಗುಲಾಮರ ಸಂತೆ’ (1866) ನೋಡಿ. ಬತ್ತಲೆ ನಿಂತ ಹೆಣ್ಣಿನ ಬಾಯಿಗೆ ಗಿರಾಕಿ ಬೆರಳು ಹಾಕಿ, ಎತ್ತು ಕೊಳ್ಳುವವನ ಹಾಗೆ ಹಲ್ಲು ಪರೀಕ್ಷಿಸುತ್ತಿದ್ದಾನೆ. ಫ್ರಾನ್ಸ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿ ಆಗ ಬರೀ 18 ವರ್ಷವಾಗಿತ್ತು. 2019ರ ಯುರೋಪಿಯನ್ ಸಂಸತ್ ಚುನಾವಣೆಯಲ್ಲಿ ಜರ್ಮನಿಯ ಬಲಪಂಥೀಯ ಪಕ್ಷ ಎಎಫ್‌ಡಿ ಇದೇ ಚಿತ್ರವನ್ನು ಪೋಸ್ಟರ್ ಮಾಡಿ ಬರ್ಲಿನ್ನಿನಲ್ಲಿ ಅಂಟಿಸಿತು, ಮುಸ್ಲಿಂ ವಲಸಿಗರು ಬಂದರೆ ಹೀಗಾಗುತ್ತದೆ ಎಂದು ಹೆದರಿಸಲು. ಚಿತ್ರದ ಒಡೆತನವಿರುವ ಅಮೆರಿಕದ ಕ್ಲಾರ್ಕ್ ಸಂಸ್ಥೆ ಪ್ರತಿಭಟಿಸಿತು. ಆದರೆ ಹಕ್ಕುಸ್ವಾಮ್ಯ ಎಂದೋ ಮುಗಿದ ಚಿತ್ರ, ತಡೆಯುವ ದಾರಿಯಿರಲಿಲ್ಲ. ಆ ಪಕ್ಷ ಚಿತ್ರವನ್ನು ತಪ್ಪಾಗಿ ಓದಿತೆಂದು ಕೆಲವರು ಬೇಸರಪಟ್ಟುಕೊಂಡರು. ನನ್ನ ಕೇಳಿದರೆ ಸರಿಯಾಗಿಯೇ ಓದಿತು.

ನಮ್ಮೂರ ಕಡೆಯದೂ ಒಂದಿದೆ. ಭಾರತಕ್ಕೆ ಎಂದೂ ಬಾರದ ಡೇವಿಡ್ ವಿಲ್ಕಿ 1839ರಲ್ಲಿ, ಜನರಲ್ ಬೇರ್ಡ್‌ನ ವಿಧವೆಗಾಗಿ, ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಹೆಣ ಸಿಕ್ಕ ರಾತ್ರಿಯನ್ನು ಬರೆದ. ಬೇರ್ಡ್ ದೇವರಂತೆ ಎತ್ತರದಲ್ಲಿ ನಿಂತಿದ್ದಾನೆ. ಕಾಲ ಕೆಳಗೆ, ಹಿಂದೊಮ್ಮೆ ಅವನನ್ನೇ ಕೂಡಿಹಾಕಿದ್ದ ಸೆರೆಮನೆಯ ಕಂಬಿ. ಟಿಪ್ಪುವಿನ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಆ ಕಂಬಿ ಇರುವುದು ಲೂಟಿಯನ್ನು ನ್ಯಾಯದ ಹಾಗೆ ತೋರಿಸಲು.

ಕೊಲ್ಲಿಯ ಶ್ರೀಮಂತರೇ ಇಂಥ ಚಿತ್ರಗಳನ್ನು ಹರಾಜಿನಲ್ಲಿ ಕೊಳ್ಳುತ್ತಿದ್ದಾರಲ್ಲ, ಅವರಿಗಿಲ್ಲದ ನೋವು ನಿಮಗೇಕೆ ಎನ್ನುವ ಬುದ್ಧಿವಂತರಿದ್ದಾರೆ. ಕೊಳ್ಳುವವರಿಗೆ ಮುತ್ತಜ್ಜಂದಿರ ಕಾಲದ ಬೀದಿ, ಜಮಖಾನ, ಉಡುಪು ಬಣ್ಣದಲ್ಲಿ ಬೇರೆಲ್ಲಿ ಸಿಗಬೇಕು? ಡೇನಿಯಲ್ಲರ ಮುದ್ರಿತ ಚಿತ್ರಗಳನ್ನು ನಾವೂ ಗೋಡೆಗೆ ಹಾಕಿಕೊಳ್ಳುತ್ತೇವೆ. ಅಷ್ಟಕ್ಕೆ ಕಂಪನಿ ಸರಕಾರ ಒಳ್ಳೆಯದಾಗಿಬಿಟ್ಟಿತೇ?

ಬೇರೆ ಥರ ಬರೆಯಲು ಆ ಕಾಲದಲ್ಲಿ ಸಾಧ್ಯವೇ ಇರಲಿಲ್ಲ ಎಂಬ ವಾದಕ್ಕಂತೂ ಉತ್ತರ ಇಸ್ತಾಂಬುಲ್‌ನಲ್ಲೇ ಇದೆ. ಉಸ್ಮಾನ್ ಹಮ್ದಿ ಬೇ ಪ್ಯಾರಿಸ್ಸಿನಲ್ಲೇ ಚಿತ್ರಕಲೆ ಕಲಿತ. ಅವನ ಕುಂಚದಲ್ಲೂ ಅದೇ ಕುಸುರಿ, ಅದೇ ನೀಲಿ ಟೈಲ್ಸ್. ಆದರೆ ಅವನ ಜನ ಪುಸ್ತಕ ಓದುತ್ತಾರೆ, ನೆಟ್ಟಗೆ ನಿಂತು ಮಾತಾಡುತ್ತಾರೆ. 1880ರ ಚಿತ್ರವೊಂದರಲ್ಲಿ ಹುಡುಗಿಯೊಬ್ಬಳು ಕುರಾನ್ ಓದುತ್ತಿದ್ದಾಳೆ, ಮೈತುಂಬ ಬಟ್ಟೆ ಉಟ್ಟು. ಪುರಾತನ ವಸ್ತುಗಳನ್ನು ಯುರೋಪಿಗೆ ಸಾಗಿಸದಂತೆ 1884ರಲ್ಲಿ ಕಾನೂನು ಮಾಡಿಸಿದವನೂ ಇವನೇ. ಪೌರ್ವಾತ್ಯ ಚಿತ್ರಗಳ ದುಬಾರಿ ಪುಸ್ತಕ ತರುವವರು ಜೆರೋಮ್‌ನ ಎದುರು ಪುಟದಲ್ಲಿ ಇವನನ್ನು ಅಚ್ಚು ಹಾಕಲಿ. ಮಾರಾಟ ಕಡಿಮೆಯಾದರೆ ಆಗಲಿ.